ನಿಲ್ಲದ ತೂಗುಗುಂಡು

…ಅಲ್ಲ ಇನ್‌ಸ್ಪೆಕ್ಟರಮ್ಮ, ಅದು ಗಾಳಿಗೆ! ಗಾಳಿ ಬೀಸಿದರೆ ಗುಂಡು ಕಟ್ಟಿದ ದಾರ ಅಲ್ಲಾಡದೆ ಇರುತ್ತಾ? ಕಿಟಕಿ ಮುಚ್ಚಿದೆಯಾ? ಓ… ಮುಚ್ಚಿದೆ. ಹಾಗಾದರೆ ಸಂದಿಯಿಂದ ಬಂತು.

ದೋಣಿ ಪರೀಕ್ಷೆ ಮಾಡೋದು ನಿನ್ನ ಕೆಲಸ, ನಾನು ಅಡ್ಡ ಬರಲ್ಲ. ನೀನು ಕಬ್ಬಿಣದ ತುಂಡುಗಳನ್ನ ಆ ಮಗ್ಗುಲಿಂದ ಈ ಮಗ್ಗುಲಿಗೆ ಸರಿಸಿದೆ, ದೋಣಿ ವಾಲಿತು. ಇಳಿಬಿಟ್ಟ ಗುಂಡು ಎಷ್ಟು ಸರಿಯಿತು ಅಂತ ಅಳೆದುಕೊಂಡರೆ ಆಯಿತು. ಕಡಿಮೆ ಸರಿದರೆ ದೋಣಿ ಭದ್ರ, ಜಾಸ್ತಿ ಸರಿದರೆ ತಲೆಭಾರ, ಮಗುಚುತ್ತೆ. ನೋಡಿದೆಯಾ, ನನಗೂ ಗೊತ್ತು! ನಮ್ಮ ಯಜಮಾನರು ಈ ದೋಣಿ ಕಟ್ಟಿಸಿದಾಗಲೂ ಹೀಗೇ ನೋಡಿದ್ದು. ಆಗ ಗುಂಡು, ಅಲ್ಲಾಟ ಬೇಗ ನಿಲ್ಲಲಿ ಅಂತ ಕೆಳಗಿಟ್ಟ ಎಣ್ಣೆ ಬಕೆಟ್ಟಿನೊಳಗೆ, ಒಳ್ಳೆ ಮಗು ಹಾಗೆ ನಿಂತುಬಿಟ್ಟಿತ್ತು. ಇವತ್ತು ಯಾಕೋ…

ಮೇಲೆ ಯಾಕೆ ನೋಡ್ತೀಯ? ಮೇಲೆ ಏನೂ ಇಲ್ಲ, ಖಾಲಿ ಕೋಣೆ. ಹೋದ ಸಲವೇ ನಿಮ್ಮವರು ಹೇಳಿಹೋದರಲ್ಲ… ಮೇಲೆ ಭಾರ ಇಡಬೇಡಿ, ಯಾರೂ ವಾಸ ಮಾಡಬೇಡಿ, ಮಾಡಿದರೆ ಜನ ಹತ್ತಿಸೋಕೆ ಬಿಡಲ್ಲ ಅಂತ. ಯಾರಮ್ಮ ಮಾಡ್ತಾರೆ! ಸಂಜೆ ಕಡೇ ಸುತ್ತು ಜನರನ್ನ ದಾಟಿಸಿ ನಾನು ನೆಟ್ಟಗೆ ಮಗನ ಮನೆಗೆ ಹೋಗ್ತೀನಿ. ಸೊಸೆ ಬಾಗಿಲಲ್ಲೇ ಕಾಯ್ತಿರ್ತಾಳೆ. …ಯಾಕೆ ನಗ್ತೀಯ? ಸೊಸೆ ಕಾಯಬಾರದಾ?

ಮೇಲಿನ ಕೋಣೆ ಬೀಗನಾ? ಕೀಲಿಕೈ ಕಳೆದುಹೋಗಿದೆ. ಹಗ್ಗದ ಮೇಲೆ ಒಣಗ್ತಿರೋದಾ? ಅದು… ಬಾವುಟ. ಹೂಂ, ಹೂವಿನ ಚಿತ್ರದ ಬಾವುಟ.

ಬೆಳಗ್ಗಿಂದ ಬಾಯಿ ಮುಚ್ಚಿಲ್ಲ ಅಂತೀಯಾ? ನಿಜ. ನಾನು ಹುಟ್ಟಿದ ಊರು ಎಲ್ಲೋ ದೂರ, ಅಲ್ಲಿ ಒಂದು ಕೆರೆಯೂ ಇರಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದಾಗ ಸುತ್ತಲೂ ನೀರಿನ ಸದ್ದು. ಅದು ಕೇಳಿಸಬಾರದು ಅಂತ ಮಾತಾಡೋಕೆ ಶುರು ಮಾಡಿದೆ, ಇನ್ನೂ ನಿಲ್ಲಿಸಿಲ್ಲ…

ತುಟಿ ಮೇಲೆ ಬೆರಳು ಯಾಕಮ್ಮ? ಒಂದೇ ನಿಮಿಷನಾ? ನನ್ನ ಕೈಲಿ ಆಗಲ್ಲ… ಸರಿ. ಸರಿ, ಆಯ್ತು.

…

…

ಹೂಂ. ನೀರೇ.

ಮೇಲಿನ ಕೋಣೇಲಿ ಅಗಲದ ತೊಟ್ಟಿ ಇದೆ. ದೋಣಿ ಆ ಕಡೆ ವಾಲಿದರೆ ನೀರು ಆ ಕಡೆ ಓಡುತ್ತೆ, ಈ ಕಡೆ ವಾಲಿದರೆ ಈ ಕಡೆ, ಅದಕ್ಕೇ ಗುಂಡು ನಿಲ್ತಿಲ್ಲ. ತುಂಬಿದ್ದರೆ ಸುಮ್ಮನಿರ್ತಿತ್ತು, ಖಾಲಿ ಇದ್ದರೂ ಸುಮ್ಮನಿರ್ತಿತ್ತು. ಬೆಳಗ್ಗೆ ಸ್ನಾನಕ್ಕೆ ಅರ್ಧ ಖರ್ಚಾಯ್ತು, ಅಷ್ಟರಲ್ಲಿ ನೀನು ಬಂದೆ.

ಚೆಲ್ಲಿಬಿಡ್ತೀನಿ ಬಿಡು. ಈಗಲೇ ಚೆಲ್ಲಿಬಿಡ್ತೀನಿ…

ಏನಾದರೂ ಹೇಳಮ್ಮ. ಹಾಗೆ ನೋಡಬೇಡ.

…ಹಾಸಿಗೇನೂ ಇದೆ ಮೇಲೆ. ಅದು ಹಗುರ.