ಅಮ್ಮನ ಬೆರಳಿನ ಅಳತೆ

ರೋಗಿಗಳನ್ನು ನೋಡಲು ಬಿಡುವ ಹೊತ್ತು ಇನ್ನೂ ಆಗಿರಲಿಲ್ಲ. ವಾರ್ಡಿನ ಬಾಗಿಲೆದುರು ಬೆಂಚಿನ ಮೇಲೆ, ತಮ್ಮನಿಗೆ ಊಟ ತಂದಿದ್ದ ಬಸ್ ಕಂಡಕ್ಟರ್ ಡಬ್ಬಿ ಹಿಡಿದು ಕೂತಿದ್ದ. ಪಕ್ಕದಲ್ಲಿ ಅತ್ತಿಗೆ, ನಾದಿನಿ ಇಬ್ಬರು ಹೆಂಗಸರು. ಅತ್ತಿಗೆಯ ಅಂಗೈಯಲ್ಲಿ ಒಂದು ವಜ್ರದುಂಗುರವಿತ್ತು. ಕಿವಿಗೇನು ಬಾಗಿಲೇ, ಅವರ ಮಾತು ಅವನಿಗೆ ಕೇಳಿಸುತ್ತಿತ್ತು.

"ಆನ್‌ಲೈನಲ್ಲಿ ಯಾಕೆ ತರಿಸಿದ್ರಿ ಅತ್ತಿಗೆ? ಅಂಗಡಿಯವನಾಗಿದ್ರೆ ಬೆರಳು ಹಿಡಿದು ಅಳತೆ ತಗೊಳ್ತಿದ್ದ."

"ಅತ್ತೆನ ಅಂಗಡಿಗೆ ಹೇಗೆ ಕರ್ಕೊಂಡು ಹೋಗ್ಲಿ? ಹಾಸಿಗೆ ಬಿಟ್ಟು ಎದ್ರೆ ತಾನೆ."

"ಮತ್ತೆ ಅಳತೆ ಯಾವುದು ಕೊಟ್ರಿ?"

"ಬೀರುವಲ್ಲಿದ್ದ ಅವರ ಹಳೇ ಉಂಗುರದ್ದು. ಉಂಗುರ ಮೊಬೈಲ್ ಪರದೆ ಮೇಲಿಟ್ಟು ಅಳತೆ ನೋಡಿ ಅಂತ ಆ್ಯಪಲ್ಲಿತ್ತು, ಹಾಗೇ ಮಾಡ್ದೆ."

"ಅದು ಅಮ್ಮನ ಕೈ ತುಂಬಿಕೊಂಡಿದ್ದ ಕಾಲದ್ದು."

"ನಿನ್ನೆ ಹಾಕಿದ್ಮೇಲೇ ಹೊಳೀತು. ಜಾರಿ ಹೊದಿಕೆ ಮೇಲೆ ಬಿತ್ತು. 'ಹಲ್ಲಿದ್ದಾಗ ಕಡಲೆ ಇರ್ಲಿಲ್ಲ ಕಣಮ್ಮ' ಅಂತ ನಕ್ಕರು."

"ಅಮ್ಮ ಪ್ರತಿ ಸಲ ಪೇಟೆಗೆ ಹೋದಾಗ್ಲೂ ಒಡವೆ ಅಂಗಡಿ ಗಾಜಿನ ಮುಂದೆ ನಿಲ್ಲೋಳು. ಒಂದು ದಿನ ಒಳಗೆ ಕಾಲಿಡಲಿಲ್ಲ."

"ಅದಕ್ಕೇ ತರಿಸಿದ್ದು."

"ವಾಪಸ್ ಕಳಿಸಿ. ಚಿಕ್ಕದು ಕೊಡ್ತಾರಲ್ಲ."

"ಕೊಡ್ತಾರೆ. ತಿಂಗಳಾಗುತ್ತಂತೆ. ಡಾಕ್ಟ್ರು ಅಷ್ಟು ದಿನ ಹೇಳಿಲ್ವಲ್ಲ."

ಸ್ವಲ್ಪ ಹೊತ್ತಿಗೆ ವಾರ್ಡಿನ ಬಾಗಿಲು ತೆರೆಯಿತು. ನಾದಿನಿ ತನ್ನ ಕೈಚೀಲದ ಬಿಚ್ಚಿದ ಹೊಲಿಗೆಯಿಂದ ದಾರ ಎಳೆದು, ಹಲ್ಲಿನಿಂದ ಕತ್ತರಿಸಿದಳು.

"ಕೊಡಿ ಇಲ್ಲಿ. ಒಳಗಡೆ ದಾರ ಸುತ್ತಿದ್ರೆ ನಿಲ್ಲುತ್ತೆ."

ಸುತ್ತುತ್ತಲೇ ಎದ್ದಳು. ಅತ್ತಿಗೆ ಅವಳ ಕೈ ಹಿಡಿದು ನಿಲ್ಲಿಸಿದಳು.

"ಗಂಟು ಗಟ್ಟಿ ಹಾಕ್ಬೇಡ. ಆಮೇಲೆ ನಾವೇ ತೆಗೀಬೇಕಲ್ಲ."

ಇಬ್ಬರೂ ಒಳಗೆ ಹೋದರು.