ಸಾವ್ಕಾರನ ಸಿಳ್ಳೆ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂದ ಕೂಡಲೇ ನೀವೆಲ್ಲ ಏನು ಅಂದುಕೊಂಡಿರಿ? ಜಿಪುಣ ಇರಬೇಕು, ಬಡವರನ್ನು ಹಿಂಡುವವ ಇರಬೇಕು, ಕಡೆಗೆ ದೇವರು ಅವನಿಗೆ ಬುದ್ಧಿ ಕಲಿಸಿರಬೇಕು. ಅಲ್ಲವೇ? ಪ್ರವಚನದಲ್ಲಿ ಬರುವ ಶ್ರೀಮಂತರ ಹಣೆಬರಹವೇ ಅಷ್ಟು. ಆದರೆ ನೋಡಿ, ನಮ್ಮ ಇವತ್ತಿನ ಶ್ರೀಮಂತ ಹಾಗಿರಲಿಲ್ಲ. ಒಳ್ಳೆಯವನಿದ್ದ. ತುಂಬ ಒಳ್ಳೆಯವನಿದ್ದ. ಅದಕ್ಕೇ ಅವನ ಕಥೆ ಹೇಳುತ್ತಿದ್ದೇನೆ. ಕೆಟ್ಟವರ ಕಥೆ ಕೇಳಿ ನಿಮಗೇನು ಉಪಯೋಗ? ಇದು ಪಕ್ಕದ ಮನೆಯವರದು ಅಂತ ಹೇಳಿ ಆರಾಮಾಗಿ ಎದ್ದು ಹೋಗುತ್ತೀರಿ.

ಊರವರು ಅವನನ್ನು ಸಾವ್ಕಾರ್ರು ಅನ್ನುತ್ತಿದ್ದರು. ಬಜಾರಿನಲ್ಲಿ ತಾಮ್ರ, ಹಿತ್ತಾಳೆ, ಸ್ಟೀಲು ಪಾತ್ರೆಗಳ ದೊಡ್ಡ ಅಂಗಡಿ. ಕುಡಿತವಿಲ್ಲ, ಇಸ್ಪೀಟಿಲ್ಲ, ತಂಬಾಕು ಕೂಡ ಇಲ್ಲ. ಒಂದೇ ಒಂದು ಹುಚ್ಚು ಇತ್ತು. ಯಾವುದು? ಫುಟ್‌ಬಾಲ್! ನಗಬೇಡಿ. ಮಠದ ಸ್ವಾಮಿ ಫುಟ್‌ಬಾಲ್ ಬಗ್ಗೆ ಏನು ಹೇಳುತ್ತಾನೆ ಅಂತ ತಾಯಂದಿರು ಸೆರಗು ಬಾಯಿಗಿಟ್ಟುಕೊಂಡಿದ್ದೀರಿ. ನಾನು ಈ ಕಾವಿ ಉಡುವ ಮೊದಲು ಹೈಸ್ಕೂಲಿನಲ್ಲಿ ಬ್ಯಾಕ್ ಆಡುತ್ತಿದ್ದೆ. ಬಲ ಮೊಣಕಾಲು ಇವತ್ತಿಗೂ ಅದಕ್ಕೆ ಸಾಕ್ಷಿ ಹೇಳುತ್ತದೆ.

ಆ ಊರಿಗೊಂದು ಕ್ಲಬ್ಬು ಇತ್ತು. ಹಸಿರು ಅಂಗಿ, ಬಿಳಿ ಚಡ್ಡಿ. ಗೆದ್ದದ್ದು ಕಡಿಮೆ, ಸೋತದ್ದು ಹೆಚ್ಚು. ಆದರೆ ಸಾವ್ಕಾರ ಒಂದು ಮ್ಯಾಚನ್ನೂ ಬಿಟ್ಟವನಲ್ಲ. ಎಲ್ಲರೂ ಚೆಂಡಿನ ಹಿಂದೆ ಕಣ್ಣು ಓಡಿಸಿದರೆ, ಸಾವ್ಕಾರ ಚೆಂಡು ಇಲ್ಲದವನನ್ನು ನೋಡುತ್ತಿದ್ದ. ಅದೇ ಅವನ ದೊಡ್ಡತನ. ಮರುದಿನ ಅಂಗಡಿಗೆ ಕೊಡ ಕೊಳ್ಳಲು ಬಂದವರಿಗೂ ಬಿಡುತ್ತಿರಲಿಲ್ಲ. "ಗೋಲ್ ಕಾಯೂ ನಮ್ಮ ಗೋಲಿ ಗಿಡ್ಡ ಅಂತ ನಗತೀರಿ. ಅಂವ ಒದಿಯಾವನ ಕಾಲು ನೋಡೂದಿಲ್ರಿ, ಸೊಂಟ ನೋಡತಾನ. ಸೊಂಟ ಸುಳ್ಳು ಹೇಳೂದಿಲ್ಲ!" ಅನ್ನುತ್ತಿದ್ದ. "ಮುಂದ ಆಡೂ ಹುಡುಗ ಗೋಲ್ ಹೊಡದ ಮ್ಯಾಲ ಜನರ ಕಡೆ ಓಡೂದಿಲ್ಲ, ಪಾಸ್ ಕೊಟ್ಟಾವನ ಕಡೆ ಓಡತಾನ. ಅದು ಸಂಸ್ಕಾರ!" ಅನ್ನುತ್ತಿದ್ದ. ಕೊಡ ಕೊಳ್ಳಲು ಬಂದ ಹೆಂಗಸು ಗೋಲಿಯ ಸೊಂಟ ತೆಗೆದುಕೊಂಡು ಏನು ಮಾಡಬೇಕು? ಆದರೂ ಕೇಳುತ್ತಿದ್ದಳು. ಇನ್ನೊಬ್ಬರನ್ನು ಅಷ್ಟು ಮನಸ್ಸು ತುಂಬಿ ಹೊಗಳುವವರ ಮಾತು ಕೇಳುವುದೇ ಒಂದು ಸುಖ. ನಮ್ಮಲ್ಲಿ ಅಂಥವರು ಎಷ್ಟು ಜನ ಇದ್ದೀರಿ?

ಎಲ್ಲರಿಗಿಂತ ಅವನಿಗೆ ಪ್ರೀತಿ ಒಬ್ಬ ಬ್ಯಾಕ್ ಮೇಲೆ. ಇಲ್ಲಿತನಕ ಯಾರಿಗೂ ಹೆಸರು ಕೊಟ್ಟಿಲ್ಲ, ಇವನಿಗೆ ಮಾತ್ರ ಕೊಡೋಣ. ಯಾಕಂದರೆ ಕಥೆಯಲ್ಲಿ ಹೆಸರು ಕಳೆದುಕೊಳ್ಳುವವನು ಇವನೇ. ಯಮನೂರಿ ಅನ್ನಿ. ವಾರವೆಲ್ಲ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ, ಭಾನುವಾರ ಆಟ. ಮನೆಯಲ್ಲಿ ಅವ್ವ ಒಬ್ಬಳು. ಹದಿಮೂರು ವರ್ಷ ಆಡಿದ, ಒಂದು ಗೋಲು ಹೊಡೆಯಲಿಲ್ಲ. "ಗೋಲ್ ಹೊಡದಾವನ ಹೆಸರು ಪೇಪರಿನ್ಯಾಗ ಬರತೈತಿ. ಗೋಲ್ ಆಗದಂಗ ನೋಡ್ಕೊಂಡಾವನ ಹೆಸರು ಯಾರ ಬರೀತಾರ?" ಅಂತ ಸಾವ್ಕಾರ ಕೇಳುತ್ತಿದ್ದ. ಯಾರೂ ಬರೆಯದಿದ್ದರೆ ತಾನು ಸಿಳ್ಳೆ ಹೊಡೆಯುತ್ತಿದ್ದ.

ಆ ಸಿಳ್ಳೆಯದೊಂದು ಪದ್ಧತಿ ಇತ್ತು ನೋಡಿ. ಮೈದಾನದ ಮೂಲೆಯಲ್ಲಿ, ಗೆರೆಗೆ ಹತ್ತಿಕೊಂಡು, ಒಬ್ಬನೇ ನಿಲ್ಲುತ್ತಿದ್ದ. ಒಂದು ಮ್ಯಾಚಿಗೆ ಒಂದೇ ಸಿಳ್ಳೆ. ಆ ದಿನದ ಎಲ್ಲಕ್ಕಿಂತ ಚೆಂದದ ಆಟಕ್ಕೆ, ನಾಲಿಗೆ ಮಡಚಿ, ಎರಡು ಬೆರಳಿಟ್ಟು, ಒಂದೇ ಒಂದು. ಅದು ರೆಫ್ರಿಯ ಸೀಟಿಯಷ್ಟೇ ಚೂಪು. ಹತ್ತರಲ್ಲಿ ಏಳು ಸಲ ಆ ಸಿಳ್ಳೆ ಯಮನೂರಿಗೆ ಸಿಗುತ್ತಿತ್ತು.

ಇಪ್ಪತ್ತೆರಡು ವರ್ಷದ ಮೇಲೆ ಕ್ಲಬ್ಬು ಫೈನಲ್ ಮುಟ್ಟಿತು. ಊರಿಗೆ ಊರೇ ಮೈದಾನಕ್ಕೆ ಬಂತು. ಹಲಗೆ ಬಡಿಯುವವರು, ಕೂಗುವವರು, ಗೋಡೆ ಹತ್ತಿದವರು. ಎರಡು ಕಡೆಯವರದೂ ಸೊನ್ನೆ. ಇನ್ನು ಎರಡೇ ನಿಮಿಷ. ಎದುರಿನವರ ಓಟಗಾರ ಎಲ್ಲರನ್ನೂ ದಾಟಿಕೊಂಡು ಬಂದ. ಮುಂದೆ ಉಳಿದವರು ಯಮನೂರಿ ಮತ್ತು ಗೋಲಿ, ಇಬ್ಬರೇ. ಯಮನೂರಿ ನೆಲಕ್ಕೆ ಜಾರಿ, ಅವನ ಕಾಲಿಗೆ ಕೂದಲೆಳೆಯಷ್ಟೂ ತಾಗದಂತೆ ಚೆಂಡನ್ನು ಕಿತ್ತುಕೊಂಡ. ಸಾವ್ಕಾರ ಮೂರೇ ಮಾರು ದೂರದಲ್ಲಿ ನಿಂತಿದ್ದ. ಅವನಿಗೆ ಮೈಮೇಲೆ ಪ್ರಜ್ಞೆ ಉಳಿಯಲಿಲ್ಲ. ಬೆರಳು ತಾವಾಗಿ ಬಾಯಿಗೆ ಹೋದವು. ಸಿಳ್ಳೆ ಹೊಡೆದ.

ಹಲಗೆಯ ಗದ್ದಲದಲ್ಲಿ ಅದು ಹತ್ತಿರವಿದ್ದ ಯಮನೂರಿಗೆ ಮಾತ್ರ ಕೇಳಿಸಿತು. ಅವನು ಏನು ತಿಳಿದ? ರೆಫ್ರಿ ಸೀಟಿ ಊದಿದ, ತಾನು ತಪ್ಪು ಮಾಡಿದೆ ಅಂತ ತಿಳಿದ. ಪಾಪ, ಮರ್ಯಾದಸ್ಥ ಆಟಗಾರ. ಎದ್ದು, ಎರಡೂ ಕೈ ಮೇಲೆತ್ತಿ, ಚೆಂಡು ಬಿಟ್ಟು ಹಿಂದೆ ಸರಿದ. ಎದುರಿನವ ನಿಲ್ಲಲಿಲ್ಲ. ಬಿಟ್ಟ ಚೆಂಡನ್ನು ಒದ್ದ. ಗೋಲ್ ಆಯಿತು. ಊರು ಸೋತಿತು.

"ಯಾಕ ನಿಂತ್ಯೋ?" ಅಂತ ಜನ ಮುತ್ತಿಕೊಂಡರು. "ಸೀಟಿ ಕೇಳಿಸ್ತ್ರೀ" ಅಂದ ಯಮನೂರಿ. ರೆಫ್ರಿಯನ್ನು ಕೇಳಿದರು. ನಾನು ಊದಲಿಲ್ಲ ಅಂದ. ಆಗ ಎಲ್ಲರೂ ಯಾರ ಕಡೆ ತಿರುಗಿದರು? ಆಟ ಬಲ್ಲವನು ಯಾರೋ ಅವನ ಕಡೆ. "ಸಾವ್ಕಾರ್ರ, ನೀವ ಅಲ್ಲೇ ನಿಂತಿದ್ರಿ. ರೆಫ್ರಿ ಸೀಟಿ ಊದಿದ್ನೇನ್ರಿ?"

ಸಾವ್ಕಾರ ಹೇಳಿದ, "ಇಲ್ಲ. ರೆಫ್ರಿ ಊದ್ಲಿಲ್ಲ."

ಈ ಮಾತನ್ನು ಸ್ವಲ್ಪ ಕೈಯಲ್ಲಿ ಹಿಡಿದು ನೋಡಿ. ಇದರಲ್ಲಿ ಸುಳ್ಳು ಎಲ್ಲಿದೆ? ಹುಡುಕಿ. ರೆಫ್ರಿ ಊದಿದನೇ? ಇಲ್ಲ. ಸಾವ್ಕಾರ ಸುಳ್ಳು ಹೇಳಿದನೇ? ಇಲ್ಲ. ಒಂದಕ್ಷರ ಸುಳ್ಳಿಲ್ಲ. ಅಚ್ಚುಕಟ್ಟಾದ ನಿಜದಿಂದಲೇ ತನ್ನ ಪ್ರೀತಿಯ ಆಟಗಾರನ ಕುತ್ತಿಗೆ ಕೊಯ್ದ. ಇಷ್ಟು ದಿನ ಊರೆಲ್ಲ ತನ್ನ ಮಾತಿಗೆ ತಲೆದೂಗಿದೆ, ಈಗ ಫೈನಲ್ ಸೋತದ್ದು ಸಾವ್ಕಾರನಿಂದ ಅಂದರೆ ಏನು ಗತಿ? ಆ ಒಂದು ಕ್ಷಣ ಅಷ್ಟೇ ಯೋಚಿಸಿದ. ನಾವು ಕೂಡ ಹೀಗೇ ಅಲ್ಲವೇ? ಸುಳ್ಳು ಹೇಳಲು ನಮಗೆ ಭಯ, ಪಾಪಭೀರುಗಳು ನಾವು. ಅದಕ್ಕೇ ಎಷ್ಟು ಬೇಕೋ ಅಷ್ಟೇ ನಿಜ ಹೇಳುತ್ತೇವೆ.

ಅಲ್ಲಿಂದ ಏನಾಯಿತು? ಸಂಜೆಯೊಳಗೆ ಊರು ತೀರ್ಪು ಕೊಟ್ಟಿತು. ಯಮನೂರಿ ಎದುರಿನವರಿಂದ ದುಡ್ಡು ತಿಂದು ಮ್ಯಾಚ್ ಮಾರಿದ. ಕ್ಲಬ್ಬಿನವರು ಹಸಿರು ಅಂಗಿ ವಾಪಸು ಕೊಡು ಅಂದರು.

ಸಾವ್ಕಾರನಿಗೆ ಅನ್ನ ಸೇರಲಿಲ್ಲ. ಹೇಳಿದೆನಲ್ಲ, ಒಳ್ಳೆಯವನು. ಆದರೆ ಒಳ್ಳೆಯವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ ಗೊತ್ತೇ? ಹೇಳಬೇಕಾದ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾರೆ. ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ, "ಏನರ ಅನ್ರಿ, ಯಮನೂರಿಯಂಥಾ ಬ್ಯಾಕ್ ಈ ಜಿಲ್ಲಾದಾಗ ಇಲ್ಲ" ಅಂದ. ಮೊದಲಿಗಿಂತ ಎರಡು ಪಟ್ಟು ಹೊಗಳಿದ. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ತಾಮ್ರದ ಹಂಡೆ ತೆಗೆಸಿ, ಅದರ ಕಂಠದ ಮೇಲೆ "ಉತ್ತಮ ಆಟಗಾರ ಯಮನೂರಿ" ಅಂತ ಕೆತ್ತಿಸಿ, ಹಮಾಲನ ತಲೆ ಮೇಲೆ ಹೊರಿಸಿ ಅವನ ಮನೆಗೆ ಕಳಿಸಿದ.

ಯಜಮಾನರೇ, ನೀವು ಯಾಕೆ ತಲೆ ಕೆಳಗೆ ಹಾಕಿದಿರಿ? ಬೆಳಿಗ್ಗೆ ಮನೆಯಾಕೆಗೆ ಸುಮ್ಮಸುಮ್ಮನೆ ಎಗರಾಡಿ, ಸಂಜೆ ಮಲ್ಲಿಗೆ ದಂಡೆ ತರುತ್ತೀರಲ್ಲ, ಅದೂ ಇಂಥದೇ ಹಂಡೆ. ತಪ್ಪಾಯಿತು ಅನ್ನುವುದಕ್ಕಿಂತ ಮಲ್ಲಿಗೆ ಅಗ್ಗ.

ಹಂಡೆ ಓಣಿಯಲ್ಲಿ ಹೋಯಿತು. ಹಾಡುಹಗಲು, ಬಿಸಿಲಿಗೆ ಹೊಳೆಯುತ್ತ ಹೋಯಿತು. ಓಣಿಯವರು ನೋಡಿದರು, ಕಳಿಸಿದವರು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ. ಏನು ಅಂದುಕೊಂಡರು? ವೆಲ್ಡಿಂಗ್ ಮಾಡುವವನ ಮನೆಗೆ ಇಂಥ ಹಂಡೆ ಎಲ್ಲಿಂದ ಬಂತು? ಮ್ಯಾಚ್ ಮಾರಿದ ದುಡ್ಡು ಕಣ್ಣೆದುರಿಗೇ ಬಂತಲ್ಲ ಅಂದುಕೊಂಡರು. ನಿನ್ನೆತನಕ ಬರೀ ಅನುಮಾನವಿತ್ತು, ಸಾವ್ಕಾರನ ಉಪಕಾರದಿಂದ ಅದಕ್ಕೆ ಪುರಾವೆ ಸಿಕ್ಕಿತು.

ಮೂರನೆಯ ದಿನ ಯಮನೂರಿಯ ಅವ್ವ ಆ ಹಂಡೆಯನ್ನು ತಾನೇ ಹೊತ್ತುಕೊಂಡು ಬಜಾರಿಗೆ ಬಂದಳು. ಅರವತ್ತರ ಮೇಲಿನ ಹೆಣ್ಣುಮಗಳು. ಅಂಗಡಿಯ ಕಟ್ಟೆಯ ಮೇಲೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು, "ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಇದನ್ನ ಇಟಗೊಳ್ಳಾಕ ನಮ್ಮ ಕೈಲೆ ಆಗೂದಿಲ್ಲ. ಮ್ಯಾಚ್ ಮಾರಿದ್ದಕ್ಕ ಬಂದೈತಿ ಅಂತಾರ. ನನ್ನ ಮಗ ಮಾರಿಲ್ರಿ. ನೀವು ಆಟಾ ಬಲ್ಲವರು. ನೀವು ಒಂದ ಮಾತ ಹೇಳಿದ್ರ ಮಂದಿ ಕೇಳತಾರ. ಹಂಡೆ ಬ್ಯಾಡ್ರಿ. ಆ ಒಂದ ಮಾತ ಕೊಡ್ರಿ."

ಆಕೆಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ನಂಬಿ ಬಂದಿದ್ದಳು. ಬೈದಿದ್ದರೆ ಸಾವ್ಕಾರ ತಡೆದುಕೊಳ್ಳುತ್ತಿದ್ದ, ಈ ನಂಬಿಕೆಯನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಆಕೆ ಹೋದ ಮೇಲೆ ಗಲ್ಲಾಪೆಟ್ಟಿಗೆಯ ಮೇಲೆ ತಲೆ ಇಟ್ಟು ಅತ್ತ.

ಫೈನಲ್ ಆಗಿ ಎರಡನೆಯ ಭಾನುವಾರ ಅದೇ ಮೈದಾನದಲ್ಲಿ ಆಟವಿತ್ತು. ಅದೇ ಜನ. ಅರ್ಧ ಆಟ ಮುಗಿದಾಗ ಸಾವ್ಕಾರ ನಡುಮೈದಾನಕ್ಕೆ ನಡೆದು ಬಂದ. ಗಟ್ಟಿಯಾಗಿ ಹೇಳಿದ, "ಅವತ್ತು ಸಿಳ್ಳೆ ಹೊಡದಾವ ನಾನು. ಯಮನೂರಿ ಅದನ್ನ ಸೀಟಿ ಅಂತ ತಿಳದು ನಿಂತ. ಫೈನಲ್ ಸೋತಿದ್ದು ನನ್ನಿಂದ. ನೀವು ಕೇಳಿದಾಗ ಬಾಯಿ ಮುಚಗೊಂಡೆ, ಅದು ಇನ್ನೂ ದೊಡ್ಡ ತಪ್ಪು."

ಜನ ಏನು ಮಾಡಿದರು? ಬೈದರೇ? ಇಲ್ಲ. ಚಪ್ಪಾಳೆ ತಟ್ಟಿದರು! "ನೋಡ್ರಿ ಸಾವ್ಕಾರ್ರ ಮನಸು, ಆ ಕಳ್ಳನ ತಪ್ಪು ತಮ್ಮ ತಲಿಮ್ಯಾಲ ಹೊತಗೊಳ್ಳಾಕತ್ತಾರ" ಅಂದರು. ಶ್ರೀಮಂತನಾದವನಿಗೆ ತಪ್ಪು ಒಪ್ಪಿಕೊಳ್ಳುವುದು ಕೂಡ ಎಷ್ಟು ಕಷ್ಟ ನೋಡಿ! ಜನ ಬಿಡುವುದಿಲ್ಲ.

"ನಂಬೂದಿಲ್ಲಾ? ಹಂಗಾರ ಆಟಾ ಸುರು ಮಾಡ್ರಿ" ಅಂದ. ತನ್ನ ಮೂಲೆಗೆ ಹೋಗಿ ನಿಂತ. ಆಟ ಶುರುವಾಯಿತು. ಚೆಂಡು ಆ ಕಡೆ ಬಂದಾಗ ಎರಡು ಬೆರಳಿಟ್ಟು ಸಿಳ್ಳೆ ಹೊಡೆದ. ಎರಡೂ ತಂಡದವರು ಇದ್ದಲ್ಲೇ ನಿಂತುಬಿಟ್ಟರು. ರೆಫ್ರಿ ಕೈಯಲ್ಲಿದ್ದ ತನ್ನ ಸೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಗ ಚಪ್ಪಾಳೆ ಬರಲಿಲ್ಲ.

ಯಮನೂರಿ ಆ ದಿನ ಗೋಡೆಯ ಆಚೆ ನಿಂತು ಆಟ ನೋಡುತ್ತಿದ್ದ. ಒಳಗೆ ಬರಲು ಮುಖವಿರಲಿಲ್ಲ. ಜನ ಅವನನ್ನು ಕರೆದುಕೊಂಡು ಬಂದರು. ಸಾವ್ಕಾರ ಕೈ ಮುಗಿದ. ಯಮನೂರಿ ಆ ಕೈ ಹಿಡಿದುಕೊಂಡು, "ಗೊತ್ತಿತ್ರೀ" ಅಂದ. "ಮನಿಗಿ ಹೋಗಿ ಕುಂತ ಮ್ಯಾಲ ಗೊತ್ತಾತು. ಹದಿಮೂರು ವರ್ಷ ಕೇಳಿದ ಸಿಳ್ಳೆ, ತಿಳಿಯೂದಿಲ್ಲೇನ್ರಿ?"

"ಮತ್ತ ಯಾಕ ಹೇಳ್ಲಿಲ್ಲೋ ಮಾರಾಯಾ?"

"ನೀವು ನನ್ನ ಆಟಾ ಮೆಚ್ಚಿ ಹೊಡದ ಸಿಳ್ಳೆ ಅದು. ಮೆಚ್ಚಿದ್ದನ್ನ ಗುನ್ನೆ ಅಂತ ಹೆಂಗ ಹೇಳ್ಲಿ? ನೀವ ಬಂದು ಹೇಳತೀರಿ ಅಂತ ಕಾಯ್ಕೋತ ಕುಂತೆ." ಆಮೇಲೆ ಅಂದ, "ಆದ್ರ ಭಾಳ ತಡಾ ಮಾಡಿದ್ರಿ ಸಾವ್ಕಾರ್ರ. ಹದಿನಾಕು ದಿನ ಆತು, ಅವ್ವ ನಳದ ನೀರಿಗೆ ಹೋಗಿಲ್ಲ. ಪಾಳಿಯೊಳಗ ನಿಂದರಾಕ ಆಕಿಗೆ ಆಗವಲ್ದು."

ಎಂಥ ಮನುಷ್ಯ ನೋಡಿ! ತನ್ನ ಹೆಸರು ಮಣ್ಣುಪಾಲಾದರೂ ತನ್ನನ್ನು ಮೆಚ್ಚಿದವನ ಹೆಸರು ಕಾದ. ಈ ಕಥೆಯಲ್ಲಿ ನನಗೆ ಇಬ್ಬರೂ ಪ್ರೀತಿ. ಸೋತು ಸೋತು ಸುಣ್ಣವಾದ ತಂಡವನ್ನು ಅಷ್ಟು ವರ್ಷ ಮೆಚ್ಚಿದವನೂ ಪ್ರೀತಿ, ಆ ಮೆಚ್ಚುಗೆಗೆ ಅಷ್ಟು ಬೆಲೆ ಕೊಟ್ಟವನೂ ಪ್ರೀತಿ. ಸಾವ್ಕಾರನ ಬಗ್ಗೆ ನೀವು ಕೆಟ್ಟದಾಗಿ ಯೋಚಿಸಬೇಡಿ. ತಡವಾದರೂ ಬಂದ, ಅದೇ ಮೈದಾನಕ್ಕೆ, ಅದೇ ಜನರ ಮುಂದೆ. ಚಪ್ಪಾಳೆ ಬಿದ್ದಾಗ ಕೈ ಮುಗಿದು ಹೋಗಿಬಿಡಬಹುದಿತ್ತು, ಹೋಗಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಚಪ್ಪಾಳೆ ತೆಗೆದುಕೊಂಡು ಮನೆಗೆ ಹೋಗಿದ್ದೇವೆ.

ಈಗ ನಿಮ್ಮ ಮಾತಿಗೆ ಬರೋಣ. ಹಾಲು ಉಕ್ಕಿತು, ಸೊಸೆ ನೋಡಲಿಲ್ಲ ಅಂದಿರಿ. ಒಲೆಯ ಉರಿ ದೊಡ್ಡದು ಮಾಡಿ ಹೋದವರು ಯಾರು ಅತ್ತೆಮ್ಮ? ಆಫೀಸಿನಲ್ಲಿ ಕಾಗದ ಕಳೆಯಿತು, ಗುಮಾಸ್ತ ಬೈಸಿಕೊಂಡ. ಅದು ನಿಮ್ಮ ಬ್ಯಾಗಿನಲ್ಲಿ ಸಿಕ್ಕಿತು. ಸಿಕ್ಕಿದ ಮೇಲೆ ಏನು ಮಾಡಿದಿರಿ? ಅವನಿಗೆ ಚಹಾ ಕುಡಿಸಿದಿರಿ. ಚಹಾ ಬೇಡ. ಮಲ್ಲಿಗೆ ಬೇಡ. ಹಂಡೆ ಬೇಡ. "ಅದು ನಾನು" ಅನ್ನಿ. ಯಾರ ಮುಂದೆ ಅವರ ಮರ್ಯಾದೆ ಹೋಯಿತೋ ಅವರ ಮುಂದೆಯೇ ಅನ್ನಿ. ಒಳಕೋಣೆಗೆ ಕರೆದು ಮೆಲ್ಲಗೆ ಹೇಳಿದರೆ ಆಗುವುದಿಲ್ಲ. ಮತ್ತೆ ಅವತ್ತೇ ಅನ್ನಿ. ನೀವು ಧೈರ್ಯ ಕೂಡಿಸಿಕೊಳ್ಳುವ ಒಂದೊಂದು ದಿನವನ್ನೂ ಅಲ್ಲಿ ಯಾರೋ ನೀರಿಗೆ ಹೋಗದೆ ಕಳೆಯುತ್ತಿರುತ್ತಾರೆ.

ಇದನ್ನು ಹೇಳಲು ನನಗೆ ಅಧಿಕಾರ ಇದೆಯೇ? ಇಲ್ಲ. ಇನ್ನೂ ಇಲ್ಲ. ಇವತ್ತು ಪ್ರವಚನ ಮುಕ್ಕಾಲು ಗಂಟೆ ತಡವಾಯಿತು. ಮೈಕು ಮಾತಾಡಲಿಲ್ಲ. ಮೈಕ್ ಸೆಟ್ಟಿನ ಮಡಿವಾಳೆಪ್ಪನಿಗೆ ನೀವು ಏನೇನು ಅಂದಿರಿ ಅಂತ ನಾನಿಲ್ಲಿ ಕೂತು ಕೇಳಿದೆ. ಕುಡಿದು ಬಂದಿದ್ದಾನೆ ಅಂದರು ಒಬ್ಬರು. ನಾಳೆಯಿಂದ ಬೇರೆಯವರನ್ನು ಕರೆಸೋಣ ಅಂದರು ಇನ್ನೊಬ್ಬರು. ನಾನು ಏನು ಅಂದೆ? "ಇರಲಿ ಬಿಡಿ, ಪಾಪ" ಅಂದೆ. ಸ್ವಾಮಿಗಳದು ಎಂಥ ಕರುಣೆ ಅಂದಿರಿ ನೀವು. ಈ ವೇದಿಕೆ ಹತ್ತುವಾಗ ನನ್ನ ಪಾವುಗೆಗೆ ಮೈಕಿನ ವಾಯರ್ ಸಿಕ್ಕಿ ಹಾಕಿಕೊಂಡು ಪಟ್ಟನೆ ಕಿತ್ತುಬಂತು. ಕಿತ್ತದ್ದು ನನ್ನ ಕಾಲಿಗೆ ಗೊತ್ತಾಗಿತ್ತು. ಆ ಮುಕ್ಕಾಲು ಗಂಟೆಯೂ ಗೊತ್ತಿತ್ತು.

ಮಡಿವಾಳೆಪ್ಪಾ, ಎಲ್ಲಿದ್ದೀಯಪ್ಪಾ? ಆ ಕಂಬದ ಹಿಂದ ಯಾಕ ನಿಂತಿ, ಮುಂದ ಬಾ, ಎಲ್ಲಾರೂ ನಿನ್ನ ನೋಡ್ಲಿ. ವಾಯರ್ ಕಿತ್ತಾವ ನಾನು. ತಪ್ಪಾತು.