ಶಾಮಲಾ ಬಿಡಿಸಿದ ಕುದುರೆ

ಮುಂಬೈಯ ಸಯನ್ ಬಸ್ ಸ್ಟಾಪಿನ ಕ್ಯೂನಲ್ಲಿ ಮುಂದಿದ್ದ ಇಬ್ಬರು ಹೆಂಗಸರ ಕನ್ನಡ ಕಿವಿಗೆ ಬಿದ್ದದ್ದೇ ಪುಟ್ಟಲಕ್ಷ್ಮಿ ಒಂದು ಹೆಜ್ಜೆ ಹತ್ತಿರ ಸರಿದಳು.

"ಹಾರೋ ಕುದುರೆ ಕಾರ್ಟೂನ್ ಪಿಕ್ಚರ್ ಎರಡನೇ ಭಾಗ ನೋಡಿದ್ರಾ, ಪಂಕಜಕ್ಕ?"

"ನೋಡಿದೆ. ಮಾಂತ್ರಿಕ ಯಾಕೆ ಬರ್ತಾನೆ, ಯಾಕೆ ಹೋಗ್ತಾನೆ, ಒಂದೂ ತಿಳಿಯಲ್ಲ."

"ಕುದುರೆ ಚಿತ್ರ ಮಾತ್ರ ಜೀವ ಬಂದ ಹಾಗಿದೆ ಅಂತಾರಲ್ಲ?"

"ಮೊದಲನೇದರಲ್ಲಿ ಆ ಕುದುರೆ ಬಿಡಿಸಿದೋಳು ನಾನು. ಈ ಸಲ ಸ್ಟುಡಿಯೋದವರು ಮೊನ್ನೆ ಮೊನ್ನೆ ಬಂದ ಶಾಮಲಾಗೆ ಕೊಟ್ರು. ರೆಕ್ಕೆ ಬಡಿದ್ರೆ ಮೊರದಲ್ಲಿ ಅಕ್ಕಿ ಕೇರಿದ ಹಾಗಿದೆ."

"ನಿಮ್ಮ ಮಗಳಿಗೆ ಹಿಡಿಸ್ತಾ?"

ಪಂಕಜಕ್ಕ ಬಸ್ ಬರುವ ದಿಕ್ಕಿಗೆ ಮುಖ ತಿರುಗಿಸಿದಳು.

"ಇದರಲ್ಲಿ ಕುದುರೆ ಬಿದ್ದಾಗ ಬಿಕ್ಕಿ ಬಿಕ್ಕಿ ಅತ್ತಳು. ನಾನು ಬಿಡಿಸಿದ್ದನ್ನ ನೋಡೋವಾಗ ನಿದ್ದೆ ಹೋಗಿದ್ದಳು ಕಣೆ."

ಬಸ್ ಬಂತು, ಇಬ್ಬರೂ ಹತ್ತಿಹೋದರು.